ಹಾಲುಗಂಬಕ್ಕೆ ಕಟ್ಟಿದ ಹಗ್ಗ

ಕಳೆದ ವಾರ ಮುಳಬಾಗಿಲಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಸುರಿದು, ನಮ್ಮ ಗೋಡೌನಿನ ತಗಡಿನ ಸಂದಿಯಿಂದ ನೀರಿಳಿದು, ಮಡಿಸಿಟ್ಟಿದ್ದ ಶಾಮಿಯಾನದ ಬಟ್ಟೆಗಳು ನೆನೆದಿದ್ದವು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಸದರಿ ವಾಸನೆಯನ್ನು ನಾನು ಹಿಂದೊಮ್ಮೆ, ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ, ನೆಲಕ್ಕೆ ಬಿದ್ದ ಬಟ್ಟೆಯನ್ನು ಎರಡೂ ಕೈಯಿಂದ ಎಳೆಯುತ್ತಿದ್ದಾಗ ಮೂಗಿನ ತುಂಬ ಎಳೆದುಕೊಂಡಿದ್ದೆ. ಆದ ಕಾರಣ ಹೊಸ್ತಿಲು ದಾಟಲಾಗದೆ ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆನು.

ನಮ್ಮ ಭಾಗದ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯವರ ಸಂಘದವರು ತಮ್ಮ ಸಂಚಿಕೆಗಾಗಿ, ಸಣ್ಣ ವ್ಯಾಪಾರಸ್ಥರು ಸಿವಿಲ್ ದಾವೆಗಳಲ್ಲಿ ತಮ್ಮ ಹೊಣೆಯನ್ನು ಹೇಗೆ ಮಿತಿಯಲ್ಲಿಟ್ಟುಕೊಳ್ಳಬೇಕೆಂಬ ವಿಷಯದ ಮೇಲೆ ಬರೆದುಕೊಡಬೇಕಾಗಿ ನನ್ನನ್ನು ಕೋರಿರುತ್ತಾರೆ. ಮದುವೆಗೆ ಮುಂಚೆ ನಾನು ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯೊಂದರಲ್ಲಿ ಅರ್ಜಿಗಳನ್ನು ಬೆರಳಚ್ಚು ಮಾಡುತ್ತಿದ್ದೆ. ಅದನ್ನು ಬಿಟ್ಟು ಬೇರೆ ಬಗೆಯ ಬರವಣಿಗೆ ನಾನು ಮಾಡಿದವಳಲ್ಲ. ವಿಷಯವನ್ನು ಮಾತ್ರ ಬರೆದು ಮುಗಿಸೋಣವೆಂದು ಹಲವು ಬಾರಿ ಕುಳಿತೆ, ಆಗಲಿಲ್ಲ. ಆ ಒಂದು ವರ್ಷವನ್ನು, ಒಂದು ಮಾವಿನ ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ನಡೆದುದನ್ನು, ನಡೆದ ಹಾಗೆಯೇ ನಿವೇದಿಸಿಕೊಳ್ಳದೆ ವಿಷಯಕ್ಕೆ ಬರಲು ನನಗೆ ದಾರಿಯಿಲ್ಲ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕು.

ಅಂಗಡಿಯನ್ನು ನಡೆಸುವವರು ನಮ್ಮ ಯಜಮಾನರು. ಆದರೆ ಮಹಿಳೆಯರ ಹೆಸರಿನಲ್ಲಿ ಸಾಲ ಬೇಗ ಮಂಜೂರಾಗುತ್ತದೆಂದು ತಿಳಿದು ಅದನ್ನು ನನ್ನ ಹೆಸರಿನಲ್ಲಿ ನೋಂದಾಯಿಸಲಾಗಿತ್ತು. ‘ಮಾಲೀಕರು: ಶ್ರೀಮತಿ ರತ್ನಮ್ಮ’ ಎಂದು ಬೋರ್ಡಿನ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ ದಿನ ಯಜಮಾನರು ಏಣಿಯಿಂದಿಳಿದು, “ಇನ್ಮೇಲೆ ನಾನು ನಿನ್ನ ಕೂಲಿಯವನು ಕಣೇ, ಸಂಬಳ ಸರಿಯಾಗಿ ಕೊಡು” ಎಂದು ನಕ್ಕಿದ್ದರು. ನಾವು ವಾಸವಿರುವ ಎರಡು ಕೋಣೆಯ ಮನೆಯೂ ನನ್ನ ಹೆಸರಿನಲ್ಲಿಯೇ ಇದೆ. ಬಸ್ ನಿಲ್ದಾಣದ ಬಳಿ ಹೂ ಕಟ್ಟಿ ಮಾರುತ್ತಿದ್ದ ನನ್ನ ತಾಯಿ, ಬೆರಳ ತುದಿಗಳು ನಾರಿನಿಂದ ಸೀಳಿಹೋಗುವಷ್ಟು ವರ್ಷ ದುಡಿದು ಅದನ್ನು ಕಟ್ಟಿಸಿ, ಸಾಯುವ ಮುನ್ನ ನನಗೆ ಬರೆದುಕೊಟ್ಟಿದ್ದರು. ಅಂಗಡಿಯೂ ಮನೆಯೂ ಒಬ್ಬರದೇ ಹೆಸರಿನಲ್ಲಿರುವುದು ಅಪಾಯವೆಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅರ್ಥವಾಗುತ್ತಿತ್ತೋ ಇಲ್ಲವೋ ತಿಳಿಯದು.

ಆ ವರ್ಷ ವೈಶಾಖದಲ್ಲಿ ಲಗ್ನಗಳು ಒತ್ತೊತ್ತಾಗಿ ಬಂದಿದ್ದವು. ಶ್ರೀನಿವಾಸಪುರದ ರಸ್ತೆಯ ಎರಡೂ ಬದಿಯಲ್ಲಿ ಮಾವು ಜಗ್ಗಿ ಕಾಯಿ ಹಿಡಿದು, ಲಾರಿಗಳು ಹುಲ್ಲು ಹಾಸಿಕೊಂಡು ಮಂಡಿಗಳ ಮುಂದೆ ಸಾಲುಗಟ್ಟಿ ನಿಂತಿರುತ್ತಿದ್ದವು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಲೆ ಅಲುಗದಂತಹ ಸೆಕೆ. ಸಂಜೆಯ ಹೊತ್ತಿಗೆ ಒಮ್ಮೊಮ್ಮೆ ಆಂಧ್ರದ ಗಡಿಯ ಕಡೆಯಿಂದ ಕಪ್ಪು ಮೋಡ ಎದ್ದು, ಕಾಯಿ ಉದುರಿಸುವ ಗಾಳಿ ಬೀಸಿ ಹೋಗುತ್ತಿತ್ತು. ಈ ಗಾಳಿಯ ಭಯದಿಂದಲೇ ಯಜಮಾನರು ಶಾಮಿಯಾನದ ಪ್ರತಿ ಮೂಲೆಯ ಹಗ್ಗಕ್ಕೂ ಕಬ್ಬಿಣದ ಉದ್ದ ಗೂಟ ಹೊಡೆಸುತ್ತಿದ್ದರು. ಹೊಡೆಯುತ್ತಿದ್ದವನು ಚಾಂದ್ ಪಾಷ. ಮುಳಬಾಗಿಲಿನವನೇ, ಮೂರು ಮಕ್ಕಳ ತಂದೆ, ನಮ್ಮಲ್ಲಿ ಅಂಗಡಿ ಆರಂಭವಾದಾಗಿನಿಂದ ಕೆಲಸಕ್ಕಿದ್ದವನು.

ಅಂದು ಆ ಹಳ್ಳಿಯ ಮದುವೆಮನೆಯಲ್ಲಿ ಮರುದಿನಕ್ಕೆ ಮುಹೂರ್ತವಿತ್ತು. ಪಾತ್ರೆಗಳನ್ನು ಒಪ್ಪಿಸುವ ಸಲುವಾಗಿ ನಾನೂ ಯಜಮಾನರ ಸಂಗಡ ಮಧ್ಯಾಹ್ನ ಅಲ್ಲಿಗೆ ತಲುಪಿದೆ. ಮನೆಯ ಮುಂದೆ ಚಪ್ಪರ, ಅದಕ್ಕೆ ತಾಗಿದಂತೆ ನಮ್ಮ ಶಾಮಿಯಾನ, ಶಾಮಿಯಾನದ ಹಿಂಬದಿಯಲ್ಲಿ ಒಲೆಗಳು. ಒಲೆಯ ಬಳಿ ವೆಂಕಟಲಕ್ಷ್ಮಮ್ಮನವರು ಈರುಳ್ಳಿ ಹೆಚ್ಚುತ್ತಿದ್ದರು. ಇವರು ಕೋಲಾರದ ಹತ್ತಿರದ ಕ್ಯಾಲನೂರಿನವರು. ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲಿದ್ದು, ಅಡುಗೆ ಗುತ್ತಿಗೆಯವರ ಜೊತೆ ಮದುವೆಯಿಂದ ಮದುವೆಗೆ ಹೋಗಿ ದುಡಿಯುತ್ತಿದ್ದವರು. ನಮ್ಮ ಶಾಮಿಯಾನ ಹೋದ ಕಡೆಯಲ್ಲೆಲ್ಲ ಹೆಚ್ಚಾಗಿ ಇವರೂ ಇರುತ್ತಿದ್ದರು.

“ಏನ್ ಓನರಮ್ಮಾ, ಬಿಸ್ಲಲ್ಲಿ ಬಂದ್ಬುಟ್ಟೆ? ಬಾ, ಈರುಳ್ಳಿ ಹೆಚ್ಚು. ಕಣ್ಣಲ್ ನೀರ್ ಬಂದ್ರೆ ತಂಪಾಗ್ತದೆ” ಎಂದರು.

“ನೀವೇ ತಂಪಾಗಿರಿ ಲಕ್ಷ್ಮಮ್ಮಾ.”

“ನಿಮ್ಮ ಪಾಷನ್ನ ನೋಡು. ಮೂರ್ ಮಕ್ಳಪ್ಪ, ಇನ್ನೂ ಹಪ್ಪಳ ಕದೀತಾನೆ.”

ಚಾಂದ್ ಪಾಷ ದೂರದಿಂದಲೇ, “ಕದ್ದಿಲ್ಲಕ್ಕಾ, ಉಪ್ಪು ಸರಿಯಾಗಿದ್ಯಾ ಅಂತ ನೋಡ್ದೆ. ಈ ಅಮ್ಮ ಪೊಲೀಸ್ ಥರ” ಎಂದು ಕೂಗಿದನು. ಅವರು ತೆಲುಗಿನಲ್ಲಿ ಅವನನ್ನು ಬೈದರು, ಅವನು ಉರ್ದುವಿನಲ್ಲಿ ಉತ್ತರ ಕೊಟ್ಟನು, ಒಲೆಯ ಸುತ್ತ ಇದ್ದವರೆಲ್ಲ ನಕ್ಕರು.

ಅಷ್ಟರಲ್ಲಿ ಹಗ್ಗಗಳನ್ನು ಪರಿಶೀಲಿಸುತ್ತ ಬಂದ ಯಜಮಾನರು ಒಂದು ಮೂಲೆಯಲ್ಲಿ ನಿಂತರು. “ಲೇ ಪಾಷ, ಈ ಮೂಲೆ ಗೂಟ ಎಲ್ಲೋ?”

“ದಾರಿಗೆ ಅಡ್ಡ ಇತ್ತಣ್ಣ. ಕಿತ್ತು ಆ ಕಂಬಕ್ಕೆ ಕಟ್ಟಿದೀನಿ.”

ನೋಡಿದರೆ, ಹಗ್ಗವನ್ನು ಚಪ್ಪರದ ಹಾಲುಗಂಬಕ್ಕೆ ಕಟ್ಟಲಾಗಿತ್ತು. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣಿನ ಸೋದರಮಾವ ಹಾಲು ಬರುವ ಮರದ ಹಸಿ ಕೊಂಬೆಯನ್ನು ತಂದು, ಅರಿಶಿನ ಬಳಿದು, ಪೂಜೆ ಮಾಡಿ ಚಪ್ಪರದಲ್ಲಿ ನೆಡುವುದು ಸಂಪ್ರದಾಯ. ಅದು ಭಾರ ಹೊರಲು ನೆಟ್ಟ ಕಂಬವಲ್ಲ. ಶಾಸ್ತ್ರಕ್ಕೆ ಒಂದು ಸಣ್ಣ ಗುಂಡಿ ತೋಡಿ ನಿಲ್ಲಿಸಿರುತ್ತಾರೆ, ಅಷ್ಟೆ.

“ಹಾಲುಗಂಬಕ್ಕೆ ಕಟ್ತಾರೇನೋ! ಬಿಚ್ಚು ಮೊದ್ಲು” ಎಂದು ಯಜಮಾನರು ತಾವೇ ಗಂಟಿಗೆ ಕೈ ಹಾಕಿದರು. ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಸೋದರಮಾವ ದಡಬಡನೆ ಎದ್ದು ಬಂದರು.

“ಯೋ ಯೋ, ಬಿಚ್ಚಬೇಡಪ್ಪಾ! ಪೂಜೆ ಆಗಿರೋ ಕಂಬ ಅದು. ಅದಕ್ಕೆ ಒಂದ್ಸಲ ಗಂಟು ಬಿತ್ತು ಅಂದ್ರೆ ತಾಳಿ ಕಟ್ಟೋವರ್ಗೂ ಬಿಚ್ಚಂಗಿಲ್ಲ.”

“ಅಣ್ಣಾ, ಇದು ಶಾಮಿಯಾನದ ಹಗ್ಗ. ಗಾಳಿ ಬಂದ್ರೆ ಈ ಕಂಬ ತಡ್ಯಲ್ಲ.”

“ಗಾಳಿ ಎಲ್ಲೈತೆ? ಒಂದೆಲೆ ಅಲ್ಲಾಡ್ತಾ ಇಲ್ಲ. ನನ್ನ ಅಕ್ಕನ ಮಗಳ ಮದ್ವೇಲಿ ಅಪಶಕುನ ಮಾಡಕ್ ಬಂದಿದ್ಯಾ?”

ಒಳಗಿನಿಂದ ಹೆಂಗಸರು ಬಂದು ನಿಂತರು. ಹೆಣ್ಣಿನ ತಾಯಿಯ ಮುಖ ಬಿಳಿಚಿಕೊಂಡಿತ್ತು. ಈರುಳ್ಳಿಯ ಮುಂದಿದ್ದ ವೆಂಕಟಲಕ್ಷ್ಮಮ್ಮನವರು ಏನನ್ನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಣ್ಣೆ ಕಾದಿದೆಯೆಂದು ಯಾರೋ ಕೂಗಿದ್ದರಿಂದ ಅತ್ತ ಹೋದರು. ಶುಭಕಾರ್ಯ ನಡೆಯುವ ಮನೆಯಲ್ಲಿ ಬಾಡಿಗೆಯವರು ಎಷ್ಟು ಮಾತನಾಡಬಹುದೋ ಅಷ್ಟು ಮಾತನಾಡಿ ಯಜಮಾನರು ಸುಮ್ಮನಾದರು. ಗಂಟನ್ನು ಹಾಗೆಯೇ ಬಿಟ್ಟು, ಅದೇ ಮೂಲೆಯಿಂದ ಇನ್ನೊಂದು ಉದ್ದನೆಯ ಹಗ್ಗವನ್ನು ಆಚೆಯ ಹುಣಸೆಮರಕ್ಕೆ ಕಟ್ಟೋಣವೆಂದು ತೀರ್ಮಾನಿಸಿ, ಅಷ್ಟು ಉದ್ದದ ಹಗ್ಗ ಅಲ್ಲಿ ಇಲ್ಲದ ಕಾರಣ, ತರುವುದಕ್ಕಾಗಿ ಗಾಡಿ ತೆಗೆದುಕೊಂಡು ಹೊರಟರು.

ಅವರು ಹಿಂದಿರುಗುವ ಮೊದಲೇ ಗಾಳಿ ಬಂದಿತು.

ಮೊದಲು ಮಾವಿನ ತೋಪಿನ ಕಡೆಯಿಂದ ಕಾಯಿಗಳು ದಬದಬನೆ ನೆಲಕ್ಕೆ ಬೀಳುವ ಸದ್ದು ಕೇಳಿತು. ಮರುಕ್ಷಣ ಧೂಳು. ಶಾಮಿಯಾನದ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತು, ಅರಿಶಿನದ ಹಾಲುಗಂಬ ಬೇರಿಲ್ಲದ ಗಿಡದ ಹಾಗೆ ಕಿತ್ತು ಹಗ್ಗದ ಜೊತೆಗೇ ಹಾರಿತು. ಆ ಮೂಲೆಯ ಕಬ್ಬಿಣದ ಗಳ ಒಲೆಯ ಕಡೆಗೆ ತಿರುಗಿ ಬಿದ್ದಿತು. ಮಳೆ ಸುರಿಯತೊಡಗಿತು. ಬಟ್ಟೆಯ ಅಡಿಯಲ್ಲಿ ಸಿಕ್ಕಿದವರೆಲ್ಲ ಒಬ್ಬೊಬ್ಬರಾಗಿ ತೆವಳಿ ಹೊರಬಂದರು. ವೆಂಕಟಲಕ್ಷ್ಮಮ್ಮನವರು ಬರಲಿಲ್ಲ. ನಾನೂ ಚಾಂದ್ ಪಾಷನೂ ನೆನೆದ ಬಟ್ಟೆಯನ್ನು ಎಳೆದು ನೋಡಿದಾಗ ಅವರು ಮಣೆಯ ಮೇಲೆ ಕುಳಿತಿದ್ದ ಹಾಗೆಯೇ ಮುಂದಕ್ಕೆ ಬಾಗಿದ್ದರು; ಗಳ ಸೊಂಟದ ಮೇಲಿತ್ತು. ಅವರು ಕೂಗಲಿಲ್ಲ. “ಪಾಷಾ, ನನ್ ಕಾಲ್ ಎಲ್ಲೈತೋ ನೋಡಪ್ಪಾ” ಎಂದು ಮಾತ್ರ ಕೇಳಿದರು.

ಕಾಲುಗಳು ಅಲ್ಲಿಯೇ ಇದ್ದವು. ಅವರಿಗೆ ತಿಳಿಯುತ್ತಿರಲಿಲ್ಲ.

ಕೋಲಾರದ ಆಸ್ಪತ್ರೆಗೆ ನಾನು ಮೊದಲ ತಿಂಗಳು ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಅವರ ತಮ್ಮ ಹಾಲು ಕರೆದು ಡೇರಿಗೆ ಹಾಕಿ ಬಂದು ಮಂಚದ ಪಕ್ಕ ಕೂರುತ್ತಿದ್ದನು. ನನ್ನೊಡನೆ ಮಾತು ಬೆಳೆಸುತ್ತಿರಲಿಲ್ಲ. ಸೊಂಟದ ಮೂಳೆ ಮುರಿದು ನರಕ್ಕೆ ಪೆಟ್ಟಾಗಿದೆ, ಇನ್ನೊಂದು ಆಪರೇಷನ್ ಆದರೆ ಊರುಗೋಲು ಹಿಡಿದು ನಡೆಯಬಹುದು ಎಂದು ವೈದ್ಯರು ಹೇಳಿದ್ದರು. ಮದುವೆಮನೆಯವರು ಒಂದು ಬಾರಿ ಹಣ್ಣು ತಂದಿಟ್ಟು ಹೋದವರು ಮತ್ತೆ ಬರಲಿಲ್ಲ. ಆ ತಮ್ಮನ ಸ್ಥಾನದಲ್ಲಿ ನಾನಿದ್ದರೂ ವಕೀಲರ ಬಳಿಗೇ ಹೋಗುತ್ತಿದ್ದೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬಯಸುತ್ತೇನೆ.

ಮಳೆಗಾಲದಲ್ಲಿ ಒಂದು ದಿನ ನ್ಯಾಯಾಲಯದ ಅಮೀನರು ಸಮನ್ಸ್ ಹಿಡಿದು ಅಂಗಡಿಯ ಮುಂದೆ ನಿಂತು ಬೋರ್ಡನ್ನು ಓದಿದರು. “ರತ್ನಮ್ಮ ಅಂದ್ರೆ ಯಾರು?”

“ಅಂಗಡಿ ನೋಡ್ಕೊಳ್ಳೋದು ನಾನೇ ಸ್ವಾಮಿ. ನಂಗೆ ಕೊಡಿ” ಎಂದರು ಯಜಮಾನರು.

“ಇದ್ರಲ್ಲಿ ನಿಮ್ಮ ಹೆಸ್ರಿಲ್ವಲ್ಲಪ್ಪ. ಆಯಮ್ಮನ್ನ ಕರೀರಿ.”

ವೆಂಕಟಲಕ್ಷ್ಮಮ್ಮನವರು ಶ್ರೀನಿವಾಸಪುರದ ನ್ಯಾಯಾಲಯದಲ್ಲಿ ಪರಿಹಾರ ಕೋರಿ ಹೂಡಿದ ದಾವೆಯಲ್ಲಿ ನಾನು ಒಂದನೆಯ ಪ್ರತಿವಾದಿ, ಹೆಣ್ಣಿನ ತಂದೆ ಎರಡನೆಯವರು. ಕೇಳಿದ್ದ ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಅಂಗಡಿಯ ಗಳ, ಬಟ್ಟೆ, ಕುರ್ಚಿ, ಪಾತ್ರೆಗಳನ್ನೆಲ್ಲ ಮಾರಿದರೂ ಅದರ ಕಾಲುಭಾಗವಾಗುತ್ತಿರಲಿಲ್ಲ. ಉಳಿದುದು ಮನೆ.

ನಮ್ಮ ವಕೀಲರ ಕಚೇರಿ ಕೋಲಾರದಲ್ಲಿ, ಟೊಮೆಟೊ ಮಾರುಕಟ್ಟೆಗೆ ಹೋಗುವ ರಸ್ತೆಯ ಮಹಡಿಯ ಮೇಲಿತ್ತು. ಕಿಟಕಿಯಿಂದ ಕೊಳೆತ ಹಣ್ಣಿನ ಹುಳಿ ವಾಸನೆ ಬರುತ್ತಿತ್ತು. ಅವರು ತಾಳ್ಮೆಯಿಂದ ವಿವರಿಸಿದರು.

“ನೋಡಿ ಅಮ್ಮ, ಕಾನೂನಿನ ಕಣ್ಣಿಗೆ ನಿಮ್ಮ ಅಂಗಡಿ ಬೇರೆ ಅಲ್ಲ, ನೀವು ಬೇರೆ ಅಲ್ಲ. ಅಂಗಡಿಯಿಂದ ಆದ ನಷ್ಟ ನಿಮ್ಮ ಮನೆವರೆಗೂ ಬರುತ್ತೆ. ಕಂಪನಿ ಅಂತ ಮಾಡಿದ್ರೆ ಸಾಮಾನ್ಯವಾಗಿ ಕಂಪನಿ ಆಸ್ತಿಗೆ ನಿಲ್ತಿತ್ತು. ಬೋರ್ಡಲ್ಲಿ ನಿಮ್ಮ ಯಜಮಾನರ ಹೆಸರಿದ್ದಿದ್ರೆ, ನಿಮ್ಮ ತಾಯಿ ಕೊಟ್ಟ ಮನೆ ತಂಟೆಗೇ ಬರೋಕ್ಕಾಗ್ತಿರಲಿಲ್ಲ. ಇನ್ಶೂರೆನ್ಸ್ ಇದ್ಯಾ?”

“ಗಾಡಿಗೆ ಇದೆ ಸಾರ್” ಎಂದರು ಯಜಮಾನರು.

“ಗಾಡಿ ಬೀಳಲಿಲ್ಲವಲ್ಲಪ್ಪ” ಎಂದರು ವಕೀಲರು.

ಮಾಲೂರಿನ ಕಡೆ ಲಕ್ಕೂರಿನಲ್ಲಿರುವ ನನ್ನ ತಮ್ಮ ಮಂಜುನಾಥ, ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವವನು, ವಿಷಯ ತಿಳಿದು ಓಡಿ ಬಂದನು. “ಅಕ್ಕ, ನಾಳೇನೇ ಮನೇನ ನಿನ್ನ ಮಗಳ ಹೆಸ್ರಿಗೆ ದಾನಪತ್ರ ಮಾಡ್ಬಿಡು. ಆಮೇಲೆ ಏನ್ ಕಿತ್ಕೊಳ್ತಾರೆ?” ಎಂದನು. ಆ ಸಂಜೆ ನಮ್ಮ ಮನೆಯಲ್ಲಿ ಅದೊಂದೇ ಬಾಗಿಲು ತೆರೆದಿರುವಂತೆ ಕಂಡಿತು. ವಕೀಲರಲ್ಲಿ ವಿಚಾರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ದಾವೆ ಬಂದ ಮೇಲೆ ಆಸ್ತಿ ಸಾಗಿಸಿದ್ರೆ ಆ ದಾನಪತ್ರನೇ ನಿಲ್ಲಲ್ಲ. ತೀರ್ಪಿಗೆ ಮುಂಚೇನೇ ಜಪ್ತಿ ತರ್ತಾರೆ. ಮಾಡೋದಿದ್ರೆ ಗಾಳಿ ಬರೋಕ್ ಮುಂಚೆ ಮಾಡ್ಬೇಕಿತ್ತು” ಎಂದರು. ತರುವಾಯ ಇನ್ನೊಂದು ಮಾತು ಸೇರಿಸಿದರು: “ಇನ್ನು ಮುಂದೆ ನೀವು ಆಯಮ್ಮನ್ನ ನೋಡೋಕೆ ಹೋಗಬೇಡಿ. ಅಲ್ಲಿ ಆಡಿದ ಮಾತೆಲ್ಲ ಕೋರ್ಟಿಗೆ ಬರುತ್ತೆ.”

ಹೀಗಾಗಿ ನನ್ನ ಗಂಜಿಯ ಪಾತ್ರೆ ಅಟ್ಟಕ್ಕೆ ಸೇರಿತು.

ಉಳಿದಿದ್ದ ದಾರಿ ಒಂದೇ: ಆದ ಅನಾಹುತದಲ್ಲಿ ನಮ್ಮ ಪಾಲೆಷ್ಟು, ಇತರರ ಪಾಲೆಷ್ಟು ಎಂದು ತೋರಿಸಿ ಹೊಣೆಯನ್ನು ಕಡಿಮೆ ಮಾಡಿಸುವುದು. ಗಂಟು ಬಿಚ್ಚಬೇಡವೆಂದ ಸೋದರಮಾವನ ಮಾತು ಇದಕ್ಕೆ ಆಧಾರವಾಗಬೇಕಿತ್ತು. ಆದರೆ ಹೆಣ್ಣಿನ ತಂದೆ ಸಲ್ಲಿಸಿದ ಲಿಖಿತ ಹೇಳಿಕೆಯಲ್ಲಿ, ಶಾಮಿಯಾನ ಕಟ್ಟುವ ವಿಚಾರದಲ್ಲಿ ತಮ್ಮ ಮನೆಯವರಾರೂ ತಲೆಹಾಕಿಲ್ಲವೆಂದು ಬರೆಯಲಾಗಿತ್ತು. ಯಜಮಾನರು ಆ ಹಳ್ಳಿಗೆ ಹೋಗಿ ಸೋದರಮಾವನ ಎದುರು ನಿಂತರು.

“ಅಣ್ಣಾ, ನೀವು ಬಿಚ್ಚಬೇಡ ಅಂದ್ರಲ್ಲ.”

“ನಾನ್ ಯಾವಾಗ ಅಂದ್ನಪ್ಪಾ?”

“ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ರಿ. ಎದ್ದು ಬಂದ್ರಿ.”

“ಮದ್ವೆ ಮನೆ. ನೂರ್ ಮಾತ್ ಆಡಿರ್ತೀನಿ. ಈಗ ಹುಡ್ಗಿ ಮೂರ್ ತಿಂಗಳ ಬಸ್ರಿ. ಕಂಬ ಕಿತ್ತು ಬಿದ್ದಿದ್ದನ್ನ ಕೋರ್ಟಲ್ಲಿ ಮಾತಾಡ್ಬೇಕಾ ನಾನು? ಹೋಗಪ್ಪಾ.”

ಅವರ ಧ್ವನಿಯಲ್ಲಿ ಸುಳ್ಳಿಗಿಂತ ಭಯವೇ ಹೆಚ್ಚಾಗಿತ್ತೆಂದು ಯಜಮಾನರು ಮನೆಗೆ ಬಂದು ಹೇಳಿದರು. ಊಟ ಮಾಡದೆ ಮಲಗಿದರು.

ಚಾಂದ್ ಪಾಷನದು ಇನ್ನೊಂದು ತೊಡಕಾಯಿತು. ಗೂಟವನ್ನು ಏಕೆ ಕಿತ್ತೆ, ಕೀಳೆಂದು ಯಾರಾದರೂ ಹೇಳಿದರೇ ಎಂದು ವಕೀಲರು ಕೇಳಿದ ಪ್ರತಿ ಬಾರಿಯೂ ಅವನು ನೆಲ ನೋಡುತ್ತ ಒಂದೇ ಉತ್ತರ ಕೊಟ್ಟನು: “ನಾನೇ ಕಿತ್ತೆ ಸಾರ್. ಯಾರೂ ಹೇಳ್ಲಿಲ್ಲ. ನನ್ನ ತಲೇಗೆ ಬಂತು, ಕಟ್ದೆ.”

“ಹೀಗೆ ಹೇಳಿದ್ರೆ ನಿನ್ನ ಓನರಮ್ಮನ ಮನೆ ಹೋಗುತ್ತೆ, ಗೊತ್ತಾ?”

“ಗೊತ್ತು ಸಾರ್.”

“ಆದ್ರೂ ಇದೇನಾ?”

“ಇದೇ ಸಾರ್. ಅಲ್ಲಾ ನೋಡ್ತಾನೆ” ಎಂದವನು, ಹಾಗೆಂದ ಮೇಲೆ ಕಣ್ಣೊರೆಸಿಕೊಂಡನು. ಕೆಲಸದವನು ಮಾಡಿದ ತಪ್ಪಿಗೆ ಮಾಲೀಕರೇ ಹೊಣೆ, ಆದ್ದರಿಂದ ಈ ಸಾಕ್ಷಿಯನ್ನು ಕಟಕಟೆ ಹತ್ತಿಸದಿರುವುದೇ ಲೇಸು ಎಂದು ವಕೀಲರು ನಿರ್ಧರಿಸಿದರು. ಯಜಮಾನರಿಗೆ ಅವನ ಮೇಲೆ ಕೋಪವಿತ್ತು. ಆದರೂ ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಚಳಿಗಾಲದಲ್ಲಿ ನಮಗೆ ಕೆಲಸವೂ ಕಡಿಮೆಯಾಯಿತು. ಬುಕ್ ಮಾಡಲು ಬಂದವರು ನಗುತ್ತಲೇ, “ನಿಮ್ ಶಾಮಿಯಾನ ಬೀಳಲ್ಲ ತಾನೇ?” ಎಂದು ಕೇಳಿ, ದರ ಮಾತನಾಡದೆ ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಗೋಡೆಗೆ ಸುಣ್ಣ ಬಳಿಸಬೇಕಾಗಿತ್ತು. ನಮ್ಮದಾಗಿ ಉಳಿಯುವುದೋ ಇಲ್ಲವೋ ತಿಳಿಯದ ಗೋಡೆಗೆ ಸುಣ್ಣವೇಕೆಂದು ಬಿಟ್ಟೆವು. ಅಡುಗೆಮನೆಯ ಬಾಗಿಲಿನ ಹಿಂದೆ ಅಮ್ಮ ಹೂವಿನ ನಾರು ತೂಗುಹಾಕುತ್ತಿದ್ದ ಮೊಳೆ ಇನ್ನೂ ಇದೆ. ರಾತ್ರಿ ಅಡುಗೆ ಮುಗಿಸಿ ದೀಪ ಆರಿಸುವಾಗ ಆ ಮೊಳೆಯನ್ನು ಮುಟ್ಟಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತು.

ಪುನಃ ಮಾವಿನ ಸುಗ್ಗಿ ಬಂದಿತು. ದಾವೆಯೊಂದು ವರ್ಷದೊಳಗೆ ಸಾಕ್ಷಿಯ ಹಂತಕ್ಕೆ ಬರುವುದು ಅಪರೂಪವೆಂದು ವಕೀಲರು ಹೇಳಿದ್ದರು. ವಾದಿಯ ಸ್ಥಿತಿಯನ್ನು ನೋಡಿ ನ್ಯಾಯಾಧೀಶರು ಬೇಗನೆ ಕೈಗೆತ್ತಿಕೊಂಡಿದ್ದರು. ಸಾಕ್ಷಿಯ ದಿನ ನ್ಯಾಯಾಲಯದ ಆವರಣಕ್ಕೆ ಆಟೋ ಬಂದು ನಿಂತಿತು. ವೆಂಕಟಲಕ್ಷ್ಮಮ್ಮನವರನ್ನು ಅವರ ತಮ್ಮ ಇಳಿಸಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದನು. ಮೆಟ್ಟಿಲು ಹತ್ತಿಸಲು ಒಬ್ಬನಿಂದ ಆಗದು. ಸುತ್ತ ನಿಂತವರು ನೋಡುತ್ತಿದ್ದರು. ಆಗ ನಮ್ಮ ಬೆನ್ನ ಹಿಂದೆ ನಿಂತಿದ್ದ ಚಾಂದ್ ಪಾಷ ಯಾರನ್ನೂ ಕೇಳದೆ ಮುಂದೆ ಹೋಗಿ ಕುರ್ಚಿಯ ಇನ್ನೊಂದು ಬದಿಯನ್ನು ಹಿಡಿದೆತ್ತಿದನು. ನಮ್ಮ ವಕೀಲರು ಹಣೆ ಚಚ್ಚಿಕೊಂಡರು.

“ಏಮಿ ರಾ ಪಾಷಾ, ಸೊರಗೋಗಿದ್ಯಾ. ಹಪ್ಪಳ ಸಿಗ್ತಾ ಇಲ್ವಾ?” ಎಂದು ವೆಂಕಟಲಕ್ಷ್ಮಮ್ಮನವರು ಅವನನ್ನು ಕೇಳಿದ್ದು ನನಗೆ ಕೇಳಿಸಿತು. ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ. ಅವರ ಮುಖ ಬತ್ತಿ ಕಣ್ಣುಗಳು ದೊಡ್ಡವಾಗಿದ್ದವು.

ಅವರ ಪಾಟೀ ಸವಾಲಿನಲ್ಲಿ ನಮ್ಮ ವಕೀಲರು ಹೆಚ್ಚಿನದೇನನ್ನೂ ನಿರೀಕ್ಷಿಸಿರಲಿಲ್ಲ. ಗಾಳಿ ಜೋರಾಗಿತ್ತೇ, ಮಳೆ ಬಂದಿತ್ತೇ ಎಂದು ಕೇಳಿದರು. ತರುವಾಯ ಎಲ್ಲ ಸಾಕ್ಷಿಗಳನ್ನೂ ಕೇಳುವ ರೀತಿಯಲ್ಲಿ, “ಹಗ್ಗವನ್ನು ಹಾಲುಗಂಬಕ್ಕೆ ಕಟ್ಟಿದ್ದು ಯಾರು, ಯಾಕೆ ಅಂತ ನಿಮಗೆ ಖುದ್ದಾಗಿ ಗೊತ್ತಿಲ್ಲ ಅಲ್ಲವೇ?” ಎಂದರು.

ಇಲ್ಲ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಗೊತ್ತು ಸ್ವಾಮಿ” ಎಂದರು ವೆಂಕಟಲಕ್ಷ್ಮಮ್ಮನವರು. “ಕಟ್ದೋನು ಪಾಷ. ಗೂಟ ಕೀಳು ಅಂದೋಳು ನಾನು.”

ಅವರ ವಕೀಲರು ಎದ್ದು ನಿಂತರು. ನಮ್ಮ ವಕೀಲರು ಕೈಯಲ್ಲಿದ್ದ ಪೆನ್ನನ್ನು ಹಾಗೆಯೇ ಹಿಡಿದುಕೊಂಡಿದ್ದರು.

“ಹಗ್ಗ ದಾರೀಲಿತ್ತು ಸ್ವಾಮಿ. ಒಲೆಯಿಂದ ಸಾಂಬಾರ್ ಕೊಳಗ ಹೊತ್ಕೊಂಡು ಪಂಕ್ತಿಗೆ ಹೋಗೋ ದಾರಿ. ಹಿಂದಿನ್ ವಾರ ಒಂದ್ ಮದ್ವೇಲಿ ಒಬ್ಬ ಹಗ್ಗಕ್ಕೆ ಎಡವಿ ಕುದಿಯೋ ಸಾರು ಮೈಮೇಲೆ ಸುರ್ಕೊಂಡಿದ್ದ. ಚರ್ಮ ಕಿತ್ತೋಯ್ತು. ನಾನ್ ಕಣ್ಣಾರೆ ನೋಡಿದ್ದೆ. ಅದಕ್ಕೆ, ಆ ಗೂಟ ಕಿತ್ತು ಬೇರೆ ಕಡೆ ಕಟ್ಟೋ ಪಾಷಾ ಅಂದೆ. ಎಲ್ಲಿ ಕಟ್ಲಮ್ಮಾ ಅಂದ. ಅಲ್ಲೇ ಕಂಬ ಐತಲ್ಲಪ್ಪ ಅಂದೆ.”

ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ ಅವರನ್ನು ನೋಡಿದರು. “ಅಮ್ಮ, ನೀವು ಹೇಳ್ತಿರೋದು ನಿಮ್ಮ ಕೇಸಿಗೆ ವಿರುದ್ಧವಾಗುತ್ತೆ. ತಿಳಿದು ಹೇಳ್ತಿದೀರಾ? ಯಾರಾದ್ರೂ ಹೇಳಿಕೊಟ್ರಾ?”

“ನಂಗ್ ಹೇಳ್ಕೊಡೋಕೆ ಯಾರ್ ಬರ್ತಾರೆ ಸ್ವಾಮಿ. ಕೇಳಿದ್ರು, ಯೋಳ್ದೆ. ಅವನು ಎಲ್ಲಾ ಕಡೆ ತಾನೇ ಕಟ್ದೆ, ತಾನೇ ಕಟ್ದೆ ಅಂತವ್ನಂತೆ. ಮೂರ್ ಮಕ್ಳವೆ ಅವನಿಗೆ. ಕಟ್ಟೋಕ್ ಬರಲ್ಲ ಅಂತ ಹೆಸ್ರು ಬಿದ್ರೆ ಯಾರ್ ಕರೀತಾರೆ ಅವನ್ನ?” ಅವರು ನನ್ನ ಕಡೆ ಕೈ ತೋರಿದರು. “ಈಯಮ್ಮನ ಗಂಡ ಗಂಟು ಬಿಚ್ಚೋಕೆ ಹೋದ. ಹುಡ್ಗಿ ಮಾವ ಬುಡ್ಲಿಲ್ಲ. ಅದನ್ನೂ ನೋಡ್ದೆ. ಗೂಟ ಕೀಳ್ಸಿದ್ದು ನಾನೇ ಅಂತ ಆಗ್ಲೇ ಯೋಳಿ ಗಲಾಟೆ ಮಾಡಿದ್ರೆ ಆಗಿರೋದು. ಎಣ್ಣೆ ಕಾದಿತ್ತು, ಹೋದೆ.”

ಚಾಂದ್ ಪಾಷ ಬಾಗಿಲ ಬಳಿ ಗೋಡೆಗೆ ಮುಖ ಮಾಡಿ ನಿಂತಿದ್ದನು. ವರ್ಷವಿಡೀ ಅವನು ಏನನ್ನು ಮುಚ್ಚಿಟ್ಟಿದ್ದನೆಂದು ಅಂದು ನಮಗೆ ತಿಳಿಯಿತು. ಮುರಿದ ಸೊಂಟದವರ ಮೇಲೆ ತಪ್ಪು ಹೊರಿಸಲು ಅವನಿಂದಾಗಿರಲಿಲ್ಲ.

ಹೊರಗೆ ಬಂದ ಮೇಲೆ ನಮ್ಮ ವಕೀಲರು, “ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಇಂಥ ಉತ್ತರ ನಾನು ಕೇಳಿರಲಿಲ್ಲ. ನಿಮ್ಮ ಹೊಣೆಗೆ ಒಂದು ಮಿತಿ ಸಿಕ್ತು ಅಮ್ಮ. ಮನೆ ಬಚಾವಾಯ್ತು” ಎಂದು ಕೈಕುಲುಕಲು ಬಂದರು. ಯಜಮಾನರು ಕೈ ಕೊಡಲಿಲ್ಲ. ಎದುರಿನ ಮರದ ಕೆಳಗೆ ವೆಂಕಟಲಕ್ಷ್ಮಮ್ಮನವರ ತಮ್ಮ, “ನಿಂಗೇನ್ ತಲೆ ಕೆಟ್ಟೈತೇನಕ್ಕಾ? ಇನ್ನ ಆಪರೇಷನ್‌ಗೆ ಯಾರಪ್ಪನ್ನ ಕೇಳ್ಲಿ?” ಎಂದು ಅಳುತ್ತ ಕೂಗಾಡುತ್ತಿದ್ದನು. ಅವರು ಕುರ್ಚಿಯ ಮೇಲೆ ಕುಳಿತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಆ ಮಾತಿನ ನಂತರ ಸೋದರಮಾವನೂ ನ್ಯಾಯಾಲಯದಲ್ಲಿ ಅರ್ಧ ಒಪ್ಪಿಕೊಳ್ಳಬೇಕಾಯಿತು. ತೀರ್ಪಿನಲ್ಲಿ ಪರಿಹಾರದ ಒಂದು ಭಾಗವನ್ನು ವಾದಿಯ ಸ್ವಂತ ಪಾಲೆಂದು ಕಳೆಯಲಾಯಿತು. ಉಳಿದುದರಲ್ಲಿ ಒಂದಷ್ಟು ಹೆಣ್ಣಿನ ತಂದೆಯ ಮೇಲೆ ಹೋಯಿತು. ನಮ್ಮ ಪಾಲಿಗೆ ಬಂದುದನ್ನು ಗಾಡಿ, ಅರ್ಧದಷ್ಟು ಗಳ ಮತ್ತು ಕುರ್ಚಿಗಳನ್ನು ಮಾರಿ ನ್ಯಾಯಾಲಯಕ್ಕೆ ಕಟ್ಟಿದೆವು. ಮನೆ ಉಳಿಯಿತು. ವೆಂಕಟಲಕ್ಷ್ಮಮ್ಮನವರಿಗೆ ಸಿಕ್ಕಿದುದು ಹಳೆಯ ಆಸ್ಪತ್ರೆಯ ಖರ್ಚಿಗೇ ಸರಿಹೋಯಿತು. ಇನ್ನೊಂದು ಆಪರೇಷನ್ ಆಗಲಿಲ್ಲ. ನಾವು ಮುಂದೆ ಬಂದು ಒಂದಿಷ್ಟು ಸೇರಿಸುತ್ತೇವೆಂದು ಹೇಳುವ ಹೊತ್ತಿಗೆ, ಕಾಲ ಮೀರಿದೆ, ನರ ಸತ್ತಿದೆ ಎಂದು ವೈದ್ಯರು ತಿಳಿಸಿದರು.

ಈಗ ಸಂಘದವರು ಕೇಳಿರುವ ವಿಷಯಕ್ಕೆ ಬರುತ್ತೇನೆ. ವಾಸದ ಮನೆ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲಿ ಅಂಗಡಿಯನ್ನು ತೆರೆಯಬೇಡಿ. ಸಾಲ ಬೇಗ ಸಿಗುವುದೆಂಬ ಆಸೆಗೆ ಬೀಳಬೇಡಿ. ಅನುಕೂಲವಿದ್ದವರು ಕಂಪನಿಯಾಗಿ ನೋಂದಾಯಿಸಿಕೊಳ್ಳಿ. ಗಾಡಿಗೆ ಮಾತ್ರವಲ್ಲ, ನಿಮ್ಮ ಕೆಲಸದಿಂದ ಮೂರನೆಯವರಿಗೆ ಆಗುವ ಅಪಾಯಕ್ಕೂ ವಿಮೆ ಮಾಡಿಸಿ. ಕಟ್ಟಿದ ಹಗ್ಗವನ್ನು ಯಾರೂ ಸರಿಸಬಾರದು, ಗಾಳಿ ಎದ್ದರೆ ಬಟ್ಟೆ ಇಳಿಸುವ ಹಕ್ಕು ನಮ್ಮದು ಎಂಬ ಷರತ್ತನ್ನು ಬಿಲ್ಲಿನ ಹಿಂದೆ ಅಚ್ಚು ಹಾಕಿಸಿ, ಮುಂಗಡ ಪಡೆಯುವಾಗಲೇ ಓದಿ ಹೇಳಿ ಸಹಿ ಪಡೆಯಿರಿ. ನಾವು ಈಗ ಇವಿಷ್ಟನ್ನೂ ಮಾಡಿದ್ದೇವೆ. ಬೋರ್ಡಿನಲ್ಲಿ ಯಜಮಾನರ ಹೆಸರಿದೆ. ಇವುಗಳಿಂದ ಉಪಯೋಗವಿಲ್ಲವೆಂದು ನಾನು ಖಂಡಿತ ಹೇಳುವುದಿಲ್ಲ. ಇವಿದ್ದಿದ್ದರೆ ಆ ವರ್ಷ ನಾವು ನಿದ್ದೆ ಮಾಡುತ್ತಿದ್ದೆವು; ವಿಮೆಯಿದ್ದಿದ್ದರೆ ಬಹುಶಃ ಅವರಿಗೆ ಆಪರೇಷನ್ ಕೂಡ ಆಗಿರುತ್ತಿತ್ತು.

ಬಿಲ್ಲಿನ ಹಿಂದೆ ಇಲ್ಲದ ಇನ್ನೊಂದು ಕ್ರಮವೂ ನಮ್ಮಲ್ಲಿ ಜಾರಿಯಲ್ಲಿದೆ. ಅದನ್ನು ಆರಂಭಿಸಿದವನು ಚಾಂದ್ ಪಾಷ. ಯಾವ ಮದುವೆಗೆ ಹೋದರೂ ಗೂಟ ಹೊಡೆಯುವ ಮೊದಲು ಅವನು ಅಡುಗೆಯವರ ಬಳಿ ಹೋಗಿ, ಒಲೆ ಎಲ್ಲಿ, ಪಂಕ್ತಿ ಎಲ್ಲಿ ಎಂದು ಕೇಳುತ್ತಾನೆ. ಬಳಿಕ ದೊಡ್ಡ ಖಾಲಿ ಕೊಳಗವನ್ನು ಹೊತ್ತು ಒಲೆಯಿಂದ ಪಂಕ್ತಿಯವರೆಗೆ ನಡೆಯುತ್ತಾನೆ. ಕಾಲು ಬಿದ್ದ ಕಡೆ ಗೂಟ ಹೊಡೆಯುವುದಿಲ್ಲ. “ಏನ್ಲಾ ಪಾಷ, ಖಾಲಿ ಕೊಳಗ ಮೆರವಣಿಗೆ ಮಾಡ್ತಿದ್ಯಾ?” ಎಂದು ಹೊಸಬರು ನಗುತ್ತಾರೆ. ಅವನು ನಡೆಯುತ್ತಲೇ ಇರುತ್ತಾನೆ.

ಗೋಡೌನು ನೆನೆದ ಮರುದಿನ ನಾನು ಕ್ಯಾಲನೂರಿಗೆ ಹೋಗಿದ್ದೆ. ವೆಂಕಟಲಕ್ಷ್ಮಮ್ಮನವರು ಹೊಸ್ತಿಲ ಬಳಿ ಚಾಪೆಯ ಮೇಲೆ ಗೋಡೆಗೊರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಡುಗೆ ಗುತ್ತಿಗೆಯವರು ಮೂಟೆ ತಂದು ಹಾಕಿ ಹೋಗುತ್ತಾರಂತೆ.

“ಬಾ ಓನರಮ್ಮಾ. ಮನೆ ಸುಣ್ಣ ಆಯ್ತಾ?”

“ಆಯ್ತು ಲಕ್ಷ್ಮಮ್ಮಾ.”

“ಪಾಷ ಈಗ ಹಗ್ಗ ಎಲ್ ಕಟ್ತಾನೆ?”

ನಾನು ಕೊಳಗದ ವಿಷಯ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು. ಅವನು ಹೇಗೆ ನಡೆಯುತ್ತಾನೆ, ಕೊಳಗವನ್ನು ಹೇಗೆ ಹಿಡಿಯುತ್ತಾನೆ ಎಂದು ವಿಚಾರಿಸಿದರು.

“ಒಬ್ನೇ ಹೊರ್ತಾನಾ?”

“ಹೌದು. ಹೆಗಲ ಮೇಲಿಟ್ಕೊಂಡು.”

ಅವರು ತಲೆಯಲ್ಲಾಡಿಸಿದರು. “ತಪ್ಪು. ತುಂಬಿದ್ ಕೊಳಗನ ಒಬ್ರು ಹೊರಕ್ಕಾಗಲ್ಲ. ಗಳ ತೂರ್ಸಿ ಇಬ್ರು ಹೊರ್ತಾರೆ. ಇಬ್ರು ನಡೆದ್ರೆ ದಾರಿ ಅಗಲ ಬೇಕು. ಹಿಂದಿರೋನಿಗೆ ಕಾಲ್ಕೆಳಗೆ ಕಾಣಲ್ಲ. ಅವನಿಗೆ ಹೇಳು, ಇನ್ನೊಬ್ಬನ್ನ ಹಿಂದೆ ಹಾಕ್ಕೊಂಡು ನಡೀಬೇಕು ಅಂತ.”

ಹಾಗೆಂದು ಬೆಳ್ಳುಳ್ಳಿಯ ಮೊರವನ್ನು ನನ್ನ ಕಡೆಗೂ ಸ್ವಲ್ಪ ತಳ್ಳಿದರು. ಕಾಲುಗಳ ಮೇಲೆ ಹೊದ್ದಿದ್ದ ಬಟ್ಟೆ ಜಾರಿತ್ತು. ಅದು ಅವರಿಗೆ ತಿಳಿದಿರಲಿಲ್ಲ. ನಾನು ಅದನ್ನು ಸರಿಪಡಿಸಿ, ಕುಳಿತು, ಸುಲಿಯತೊಡಗಿದೆ.